ಟ್ಯಾಪೆಂಟಾಡಾಲ್ ಹುಡುಗರು ಮತ್ತು ನನ್ನ ಒಪಿಡಿ

"ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸುತ್ತಿದ್ದೀರಿ" ಎಂದು ನಮ್ಮ ಜಿಲ್ಲೆಯ ಹಿರಿಯ ಮನೋವೈದ್ಯರೊಬ್ಬರು ತುಂಬಿದ ಸಭೆಯಲ್ಲಿ ನನಗೆ ಹೇಳಿದ್ದರು. ನೋವಿನ ಮಾತ್ರೆಯ ಚಟ ಹತ್ತಿದವರಿಗೆ ನಾನು ದೀರ್ಘಕಾಲ ಬದಲಿ ಔಷಧ ಕೊಡುವುದು ಅವರಿಗೆ ಹಿಡಿಸಿರಲಿಲ್ಲ. ಈಗ ಅವರ ರೋಗಿಗಳೇ ಅವರ ಚೀಟಿ ಹಿಡಿದು ನನ್ನ ಬಳಿ ಬರುತ್ತಾರೆ. ಸ್ವಲ್ಪ ಜಂಬವಿದೆ, ಕ್ಷಮಿಸಿ.

ನಮ್ಮ ಕಡೆ ಹೆರಾಯಿನ್‌ಗಿಂತ ನೋವಿನ ಮಾತ್ರೆಯ ಹಾವಳಿಯೇ ಹೆಚ್ಚು. 2018ರಲ್ಲಿ ಟ್ರಮಡಾಲ್ ಎಂಬ ನೋವಿನ ಮಾತ್ರೆ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯೊಳಗೆ ಬಂತು. ಆಮೇಲೆ ನನ್ನ ಒಪಿಡಿಯಲ್ಲಿ ಕಂಡದ್ದೆಲ್ಲ ಅದೇ ಜಾತಿಯ ಇನ್ನೊಂದು ಮಾತ್ರೆ ಟ್ಯಾಪೆಂಟಾಡಾಲ್, ಅದೂ ಚುಚ್ಚಿಕೊಳ್ಳುವವರು. ಮಾರ್ಫಿನ್ ಹಿಡಿಯುವ ಮಾಮೂಲಿ ಮೂತ್ರ ಪರೀಕ್ಷೆಯ ಪಟ್ಟಿ ಇದನ್ನು ತೋರಿಸುವುದಿಲ್ಲ. "ರಿಪೋರ್ಟ್ ನೆಗೆಟಿವ್ ಇದೆ, ಹುಡುಗ ಸರಿಯಾಗಿದ್ದಾನೆ" ಎಂದು ಮನೆಗೆ ಕಳುಹಿಸಲಾದವರನ್ನು ಎಷ್ಟೋ ಮಂದಿ ನೋಡಿದ್ದೇನೆ. ನಾನು ಪಟ್ಟಿಗಿಂತ ಮೊದಲು ಅಂಗಿಯ ತೋಳು ಮೇಲಕ್ಕೆ ಸರಿಸಿ ನೋಡುತ್ತೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡುತ್ತಿದ್ದೆವು: ಹತ್ತು ದಿನ ಅಡ್ಮಿಷನ್, ನಶೆ ಬಿಟ್ಟಾಗಿನ ಸಂಕಟ ತಗ್ಗಿಸಲು ಕ್ಲೋನಿಡಿನ್, ನಿದ್ರೆಗೊಂದು ಮಾತ್ರೆ, ಬುದ್ಧಿವಾದ, ಡಿಸ್ಚಾರ್ಜ್. ಹತ್ತರಲ್ಲಿ ಎಂಟು ಮಂದಿ ತಿಂಗಳೊಳಗೆ ಮತ್ತೆ ಅದೇ ಹಾದಿ. ಅಲ್ಲಿಂದ ಪುನರ್ವಸತಿ ಕೇಂದ್ರ, ತಿಂಗಳಿಗೆ ಇಪ್ಪತ್ತೈದು ಮೂವತ್ತು ಸಾವಿರ. ತಾಯಿಯ ಕೊರಳ ಸರ ಅಡವಿಗೆ. ನಶೆಯನ್ನು ತಡೆದುಕೊಳ್ಳುವ ದೇಹದ ಶಕ್ತಿ ಇಳಿದ ಮೇಲೆ ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಸತ್ತವನೂ ಇದ್ದಾನೆ. ಅದಾದ ಮೇಲೆ ಬರೀ ಡಿಟಾಕ್ಸ್ (ಕೆಲವು ದಿನ ಇರಿಸಿ ನಶೆ ಇಳಿಸುವುದು) ನಿಲ್ಲಿಸಿ, ಚಟದ ಮಾತ್ರೆಯ ಬದಲಿಗೆ ಕೊಡುವ ಬುಪ್ರೆನಾರ್ಫಿನ್-ನಲಾಕ್ಸೋನ್ ದೀರ್ಘಕಾಲ ಕೊಡಲು ಶುರುಮಾಡಿದೆ. ಪರವಾನಗಿ, ದಾಸ್ತಾನು ಪುಸ್ತಕ, ತಪಾಸಣೆಗಾಗಿ ಅಲೆದ ಕಥೆ ಬೇಡ. ಚಪ್ಪಲಿ ಸವೆಯಿತು, ಅಷ್ಟೇ.

ಮೊದಲ ಡೋಸ್‌ಗೆ ಅವಸರ ಮಾಡಬಾರದು. ಬೆಳಿಗ್ಗೆ ಬರಿಗೈಯಲ್ಲಿ ಬಾ, ರಾತ್ರಿಯಿಂದ ಯಾವ ನಶೆಯೂ ಮಾಡಿರಬಾರದು ಎನ್ನುತ್ತೇನೆ. ಬೆಂಚಿನ ಮೇಲೆ ಕೂತು ಆಕಳಿಸುತ್ತಿರುತ್ತಾನೆ, ಮೂಗು ಸೋರುತ್ತಿರುತ್ತದೆ, ತೋಳಿನ ರೋಮ ನಿಂತಿರುತ್ತದೆ, ಕಣ್ಣಿನ ಪಾಪೆ ಅಗಲ. ಜೊತೆಗೆ ಬಂದ ಅಕ್ಕ "ಡಾಕ್ಟರೇ, ಈಗಲಾದರೂ ಕೊಡಿ" ಎಂದು ಅಳುತ್ತಾಳೆ. ನಶೆ ಇಳಿದಾಗಿನ ಈ ಸಂಕಟವನ್ನು (ಹಿಂತೆಗೆತ) ಅಳೆಯುವ ಕೌಸ್ ಅಂಕ ಹನ್ನೆರಡರ ಆಚೆ ಹೋಗುವವರೆಗೂ ಕೊಡುವುದಿಲ್ಲ. ಬೇಗ ಕೊಟ್ಟರೆ ಔಷಧವೇ ಹಿಂತೆಗೆತವನ್ನು ಎಬ್ಬಿಸುತ್ತದೆ, ಹುಡುಗ ಮತ್ತೆ ಬಾಗಿಲು ತುಳಿಯುವುದಿಲ್ಲ. 2 ಮಿ.ಗ್ರಾಂ. ನಾಲಿಗೆಯ ಕೆಳಗೆ. ಮಾತಿಲ್ಲ, ನೀರಿಲ್ಲ, ಎಂಜಲು ನುಂಗುವಂತಿಲ್ಲ. ಮುಕ್ಕಾಲು ಗಂಟೆಯಲ್ಲಿ ಅದೇ ಹುಡುಗ ಕ್ಯಾಂಟೀನ್ ಎಲ್ಲಿದೆ ಎಂದು ಕೇಳುತ್ತಾನೆ. ನನ್ನವರಲ್ಲಿ ಹೆಚ್ಚಿನವರು 6ರಿಂದ 8 ಮಿ.ಗ್ರಾಂ.ನಲ್ಲಿ ನಿಲ್ಲುತ್ತಾರೆ, ಕಡಿಮೆ ಕೊಟ್ಟು ಜಾಣತನ ತೋರಿಸುವವರೇ ರೋಗಿಯನ್ನು ಕಳೆದುಕೊಳ್ಳುವುದು. ಬೆಂಜೋಡಯಾಜೆಪಿನ್ ಎಂಬ ನಿದ್ರೆ-ಆತಂಕದ ಮಾತ್ರೆ ಜೊತೆಗೆ ಕೊಡುವುದಿಲ್ಲ, ಯಾರು ಎಷ್ಟೇ ಗೋಗರೆದರೂ. ಖಿನ್ನತೆಯ ಮಾತ್ರೆಯೂ ಸಾಮಾನ್ಯವಾಗಿ ಮೊದಲ ತಿಂಗಳು ಬೇಡ. ಅರ್ಧದಷ್ಟು ಮಂದಿಯ ಖಿನ್ನತೆ ತಾನಾಗಿ ಇಳಿಯುತ್ತದೆ. ಮಲಬದ್ಧತೆಗೆ ಇಸಬ್‌ಗೋಲ್ ಮಾತ್ರ ಮರೆಯಬೇಡಿ.

ಖರ್ಚು? ಮಾತ್ರೆಗೆ ದಿನಕ್ಕೆ ನೂರರ ಆಸುಪಾಸು. ಚಟಕ್ಕೆ ಅವರು ಸುರಿಯುತ್ತಿದ್ದದ್ದು ಐನೂರು, ಕೆಲವರು ಸಾವಿರ.

ಇಲ್ಲಿ ಒಂದು ಪ್ರಯೋಗ ಮಾಡಿದೆ. ಉಳಿದ ಹಣದಲ್ಲಿ ದಿನಕ್ಕೆ ಇನ್ನೂರು ರೂಪಾಯಿ ಪಿಗ್ಮಿ ಕಟ್ಟಿಸಿದೆ. ಸಂಜೆ ಪಿಗ್ಮಿ ಏಜೆಂಟ್ ಅಂಗಡಿಗೆ ಬಂದಾಗ ಹುಡುಗ ಅಲ್ಲಿರಲೇಬೇಕು. ನನ್ನ ಸಲಹೆಗಿಂತ ಆ ಪುಸ್ತಕದ ಮೇಲೆ ಅವರಿಗೆ ಅಭಿಮಾನ. ಒಬ್ಬ ಮಾತ್ರ ಪೂರ್ತಿ ಮೊತ್ತ ಬಿಡಿಸಿಕೊಂಡು ಗೋವಾಕ್ಕೆ ಹೋದ. ನಾಲ್ಕು ತಿಂಗಳ ಮೇಲೆ ಬಂದ, ಮತ್ತೆ ಸೇರಿಸಿಕೊಂಡೆ. ನಶೆ ಏರದಂತೆ ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನೂ ಕೊಟ್ಟು ನೋಡಿದ್ದೇನೆ: ವಾರ ಹತ್ತು ದಿನ ಪೂರ್ತಿ ಬಿಟ್ಟಿರಬೇಕು, ಮೇಲೆ ಕೈಯಾರೆ ನುಂಗಿಸುವ ಹೆಂಡತಿಯೋ ತಂದೆಯೋ ಬೇಕು. ಇಬ್ಬರಿಗೋ ಮೂವರಿಗೋ ಹೊಂದಿತು.

ಮಾತ್ರೆ ಮಾರಿಕೊಳ್ಳುವವರನ್ನು ಹಿಡಿಯಲು ನನ್ನದೊಂದು ಪ್ರಶ್ನೆಯಿದೆ. ಅದನ್ನು ಬರೆಯುವುದಿಲ್ಲ, ನನ್ನ ರೋಗಿಗಳೂ ಇದನ್ನು ಓದುತ್ತಾರೆ. ಚುಚ್ಚಿಕೊಂಡ ಎಲ್ಲರಿಗೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸುತ್ತೇನೆ. ಸಿ ಬಂದರೆ ಸರ್ಕಾರಿ ಕಾರ್ಯಕ್ರಮದಲ್ಲಿ ಔಷಧ ಉಚಿತ.

"ಎಷ್ಟು ದಿನ ಕೊಡುತ್ತೀರಿ?" ಎನ್ನುತ್ತಾರೆ ತಂದೆಯರು. ಬಿ.ಪಿ. ಮಾತ್ರೆ ಎಷ್ಟು ದಿನ ನುಂಗುತ್ತಿದ್ದೀರಿ ಎಂದು ಕೇಳುತ್ತೇನೆ. ವರ್ಷಕ್ಕೆ ಮುಂಚೆ ಇಳಿಸುವ ಮಾತೇ ಇಲ್ಲ. ಇಳಿಸುವಾಗ 8ರಿಂದ 2ಕ್ಕೆ ಬರುವುದು ಸಲೀಸು. 2ರ ಕೆಳಗೆ ತಿಣುಕಾಟ. ಅಲ್ಲಿ 0.4 ಮಿ.ಗ್ರಾಂ.ನ ಸಣ್ಣ ಮಾತ್ರೆ ಬಳಸಿ, ಒಂದೊಂದು ಮೆಟ್ಟಿಲಿಗೂ ಒಂದೂವರೆ ಎರಡು ತಿಂಗಳು ನಿಲ್ಲಿಸಿ, ಮದುವೆ, ಜಾತ್ರೆ, ಪರೀಕ್ಷೆಯ ಕಾಲ ತಪ್ಪಿಸಿ ಇಳಿಸುತ್ತೇನೆ.