ಗೇಮಿನ ಕಥೆ ಬಗ್ಗೆ ಬರೆಯೋಕೆ ಕೂತಾಗ

ಮೊದಲ ಸಲ ಗೇಮ್ ಕಥೆ ಬಗ್ಗೆ ಬರೆದಾಗ ನಾನು ಮಾಡಿದ್ದು ಶುದ್ಧ ದಡ್ಡತನ. ರೆಡ್ ಡೆಡ್ ರಿಡೆಂಪ್ಶನ್ 2 ಮುಗಿಸಿದ ಜೋಶ್‌ನಲ್ಲಿ ಆರ್ಥರ್ ಮಾರ್ಗನ್ ಎಲ್ಲಿಗೆ ಹೋದ, ಯಾರನ್ನ ಹೊಡೆದ, ಅವನ ಗ್ಯಾಂಗಿನ ನಾಯಕ ಡಚ್ ಏನಂದ ಅಂತ ಆರು ಪುಟ ತುಂಬಿಸಿ, ಇಲ್ಲೇ ಗಂಗಾವತಿಯಲ್ಲಿ ಹಿಂದಿನ ಓಣಿಯಲ್ಲಿರುವ ದೊಡ್ಡಪ್ಪನ ಮಗಳಿಗೆ ಓದೋಕೆ ಕೊಟ್ಟೆ. ಅಕ್ಕ ಗೇಮ್ ಆಡುವವಳಲ್ಲ. ಮಿರ್ಚಿ ತಿನ್ನುತ್ತಾ ಎರಡು ಪುಟ ಓದಿದಳು. ಮೂರನೆಯದಕ್ಕೆ ಕೈಯ ಎಣ್ಣೆ ಒರೆಸಿಕೊಂಡಳು.

"ಅಂವ ಏನೇನ್ ಮಾಡ್ದಾ ಅಂತ ಬರ್ದಿ. ನೀ ಏನ್ ಮಾಡ್ದಿ?"

ಈಗ ಬರೆಯೋಕೆ ಕೂತಾಗಲೆಲ್ಲ ಮೊದಲು ಇದನ್ನೇ ಕೇಳಿಕೊಳ್ಳುತ್ತೇನೆ. ಸಿನಿಮಾ ಆದರೆ ಸುಮ್ನೆ ಕೂತು ನೋಡುತ್ತೀರಿ. ಗೇಮಿನಲ್ಲಿ ಬಟನ್ ಒತ್ತಿದ್ದು ನೀವು. ಹಾಗಾಗಿ ಕಥೆಯ ಸಾರಾಂಶ ನಾಲ್ಕು ಸಾಲಿಗೆ ಮುಗಿಸಿ, ಉಳಿದ ಜಾಗವನ್ನ ಒಂದೇ ಒಂದು ಗಳಿಗೆಗೆ ಕೊಡಿ.

"ಪೇಪರ್ಸ್, ಪ್ಲೀಸ್" ಅನ್ನೋದನ್ನ ತಗೊಳ್ಳಿ. ಲ್ಯೂಕಸ್ ಪೋಪ್ 2013ರಲ್ಲಿ ತಂದ ಆಟ. 1982ರ ಒಂದು ಕಲ್ಪನೆಯ ದೇಶ, ಅದರ ಗಡಿಯಲ್ಲಿ ಪಾಸ್‌ಪೋರ್ಟ್ ನೋಡಿ ಸೀಲ್ ಹೊಡೆಯೋದು ನಿಮ್ಮ ಕೆಲಸ. ಒಬ್ಬರ ಕಾಗದ ಸರಿಯಾಗಿ ನೋಡಿ ಕಳಿಸಿದರೆ 5 ಕ್ರೆಡಿಟ್. ರಾತ್ರಿ ಅದೇ ದುಡ್ಡಲ್ಲಿ ಬಾಡಿಗೆ, ಊಟ, ಚಳಿಗೆ ಹೀಟರ್. ಇಷ್ಟು ಹೇಳಿದರೆ ಸಾಕು, ಓದುವವರಿಗೆ ಗೊತ್ತಾಗುತ್ತೆ.

ಇನ್ನು ಗಳಿಗೆ. ಒಬ್ಬ ಗಂಡಸು ಬರುತ್ತಾನೆ, ಕಾಗದ ಎಲ್ಲ ಸರಿ ಇದೆ. ಹಿಂದೆಯೇ ನನ್ನ ಹೆಂಡತಿ ಬರ್ತಾಳೆ, ಸ್ವಲ್ಪ ನೋಡ್ಕೊಳ್ಳಿ ಅಂತ ಹೇಳಿ ದಾಟುತ್ತಾನೆ. ಆಕೆಯ ಹತ್ತಿರ ಎಂಟ್ರಿ ಪರ್ಮಿಟ್ ಇಲ್ಲ. ಬಿಟ್ಟರೆ ತಕ್ಷಣ ನಿಮ್ಮ ಮೇಜಿನ ಮೇಲೆ ತಪ್ಪಿನ ಚೀಟಿ ಬಂದು ಬೀಳುತ್ತೆ. ದಿನದ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ. ನನಗೆ ಆ ದಿನ ಆಗಲೇ ಎರಡು ಚೀಟಿ ಬಿದ್ದಿತ್ತು, ಮನೆಯಲ್ಲಿ ಮಗ ಹುಷಾರಿಲ್ಲದೆ ಮಲಗಿದ್ದ, ಕೆಂಪು ಸೀಲ್ ಹೊಡೆದೆ. ಆಕೆ ಹೋಗುವುದನ್ನ ನೋಡಲೂ ಇಲ್ಲ. ಗಡಿಯಾರ ನೋಡಿದೆ, ಇನ್ನೂ ಒಬ್ಬರನ್ನ ಮುಗಿಸಬಹುದು ಅಂತ ಖುಷಿಯಾಯಿತು.

ಆ ಖುಷಿ ಇದೆಯಲ್ಲ, ಅದು ಯಾವ ಸಾರಾಂಶದಲ್ಲೂ ಸಿಗೋದಿಲ್ಲ. ಅದನ್ನ ಬರೆಯಿರಿ, ನಾಚಿಕೆ ಆದರೂ.

ಇದಕ್ಕೆ ನೋಟ್ಸ್ ಬೇಕು, ಅದೂ ಅವತ್ತೇ ರಾತ್ರಿ. ಮಾರನೆಯ ದಿನ ಬರೆದರೆ ನೀವು ಏನು ಮಾಡಿದಿರಿ ಅನ್ನೋದಕ್ಕಿಂತ ಏನು ಮಾಡಬೇಕಿತ್ತು ಅನ್ನೋದೇ ಜಾಸ್ತಿ ಬರುತ್ತೆ. ಕಂಪ್ಯೂಟರಿನಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಿಂದ ಆಡುತ್ತಿದ್ದರೆ ಎಫ್12 ಒತ್ತಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೇಜಾರಾದ ಜಾಗ, ಡೈಲಾಗ್ ಸ್ಕಿಪ್ ಮಾಡಿದ ಜಾಗ ಕೂಡ ಗುರುತು ಹಾಕಿ. ನಮ್ಮಲ್ಲಿ ಕರೆಂಟ್ ಹೋಗಿ ಸೇವ್ ಆಗದೆ ಅದೇ ಭಾಗ ಮತ್ತೆ ಆಡೋದು ಇದ್ದೇ ಇದೆ, ಬೈದುಕೊಂಡೇ ಆಡುತ್ತೇನೆ, ಆದರೆ ನನ್ನ ಒಳ್ಳೆಯ ನೋಟ್ಸ್ ಬಂದಿರೋದು ಆ ಎರಡನೇ ಸಲದಲ್ಲೇ.

ಮಾತೇ ಇಲ್ಲದೆ ಜಾಗವೇ ಕಥೆ ಹೇಳುವ ಆಟಗಳು ಇನ್ನೂ ಕಷ್ಟ. ಕಣ್ಣು ಪಳಗಬೇಕು. ನನಗದು ಹತ್ತಿದ್ದು ಹಿರೇಬೆಣಕಲ್ ಗುಡ್ಡದಲ್ಲಿ. ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದಾರೆ, ಕೆಲವಕ್ಕೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಜನ ಮೋರ್ಯರ ಮನೆ ಅನ್ನುತ್ತಾರೆ. ಜೊತೆಗೆ ಹೇಳುವವರು ಯಾರೂ ಇರಲಿಲ್ಲ. ಮನೆ ಅಂದರೆ ಬಾಗಿಲು ಎಲ್ಲಿ? ಈ ಕಿಂಡಿಯಲ್ಲಿ ಯಾರು ನುಗ್ಗುತ್ತಿದ್ದರು? ಹೀಗೆ ಕೇಳಿಕೊಂಡೇ ಸುತ್ತಿದೆ. ಅವು ಸತ್ತವರಿಗಾಗಿ ಕಟ್ಟಿದವು ಅಂತ ಗೊತ್ತಾಗಿದ್ದು ಕೆಳಗೆ ಇಳಿದ ಮೇಲೆ.

ಗಾನ್ ಹೋಮ್ ಆಡಬೇಕಾದದ್ದೂ ಹೀಗೇ. 1995, ಗುಡುಗು ಮಳೆ, ಯುರೋಪ್ ಸುತ್ತಿ ವಾಪಸ್ ಬಂದರೆ ಮನೆಯಲ್ಲಿ ಯಾರೂ ಇಲ್ಲ. ಬಾತ್‌ಟಬ್ ತುಂಬ ಕೆಂಪು ಕಲೆ. ನಾನಂತೂ ಕೊಲೆಯೇ ಆಗಿದೆ ಅಂದುಕೊಂಡೆ. ನೋಡಿದರೆ ಕೂದಲಿಗೆ ಹಚ್ಚೋ ಬಣ್ಣ! ಬರೆಯುವಾಗ ಇದೇ ಕ್ರಮ ಇರಲಿ: ಮೊದಲು ಕಂಡ ವಸ್ತು, ಆಮೇಲೆ ನಿಮ್ಮ ಊಹೆ, ಊಹೆ ತಪ್ಪಾಗಿದ್ದರೆ ಅದೂ.

ಕೆಲವೊಮ್ಮೆ ಆಟ ಬಾಯಲ್ಲಿ ಹೇಳೋದು ಒಂದು, ಕೈಯಲ್ಲಿ ಮಾಡಿಸೋದು ಇನ್ನೊಂದು. ರೆಡ್ ಡೆಡ್‌ನಲ್ಲಿ ಡಚ್ ದುಡ್ಡಿಲ್ಲ ದುಡ್ಡಿಲ್ಲ ಅಂತ ಅಳುತ್ತಲೇ ಇರುತ್ತಾನೆ, ನನ್ನ ಜೇಬಲ್ಲಿ ಸಾವಿರಾರು ಡಾಲರ್! ಇಂಥದ್ದಕ್ಕೆ 2007ರಲ್ಲಿ ಕ್ಲಿಂಟ್ ಹಾಕಿಂಗ್ ಅನ್ನೋ ಗೇಮ್ ಡಿಸೈನರ್, ಬಯೋಶಾಕ್ ಅನ್ನೋ ಆಟದ ಬಗ್ಗೆ ಬರೆಯುತ್ತಾ, ಲೂಡೊನರೇಟಿವ್ ಡಿಸೊನೆನ್ಸ್ ಅಂತ ಹೆಸರಿಟ್ಟರು. ನೀವು ಅಷ್ಟು ದೊಡ್ಡ ಪದ ಹೊರಬೇಕಾಗಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದರೆ ಎಲ್ಲರಿಗೂ ಅರ್ಥವಾಗುತ್ತೆ. ಕಟ್‌ಸೀನ್, ಲೆವೆಲ್, ಬಾಸ್ ಫೈಟ್ ಇವನ್ನೆಲ್ಲ ಹಾಗೇ ಬಿಡಿ, ಸಂಸ್ಕೃತಕ್ಕೆ ಎಳೆದರೆ ಆಡುವ ಹುಡುಗರೇ ಓದೋದಿಲ್ಲ.

ಸ್ಪಾಯ್ಲರ್ ಭಯ, ಅಂದರೆ ಕಥೆಯ ಗುಟ್ಟು ಮೊದಲೇ ಬಿಟ್ಟುಕೊಡುವ ಭಯ ಇದ್ದರೆ ಒಂದು ದಾರಿ ಇದೆ. ಬ್ರದರ್ಸ್ ಆಟದಲ್ಲಿ ಕಂಟ್ರೋಲರ್‌ನ ಎಡಗಡೆ ಸ್ಟಿಕ್ ಅಣ್ಣನನ್ನ ನಡೆಸುತ್ತೆ, ಬಲಗಡೆಯದು ತಮ್ಮನನ್ನ. ಇಬ್ಬರನ್ನೂ ಒಟ್ಟಿಗೆ ನಡೆಸೋಕೆ ಹೋಗಿ ಮೊದಲ ಅರ್ಧ ಗಂಟೆ ಇಬ್ಬರೂ ಗೋಡೆಗೆ ಗುದ್ದುತ್ತಾರೆ. ಕೊನೆಯ ಹೊತ್ತಿಗೆ ನನ್ನ ಎಡಗೈ ಒಂದು ಕೆಲಸ ಮಾಡಿತು, ಮಾಡಿ ಸ್ವಲ್ಪ ಹೊತ್ತು ಕಂಟ್ರೋಲರ್ ಕೆಳಗಿಟ್ಟು ಕೂತೆ. ನೋಡಿ, ಏನಾಯಿತು ಅಂತ ಹೇಳಲಿಲ್ಲ ಅಲ್ವಾ?

ಬರೆದು ಮುಗಿದ ಮೇಲೆ ಗೇಮ್ ಆಡದ ಒಬ್ಬರಿಗೆ ಜೋರಾಗಿ ಓದಿ. ಅವರು ಎಲ್ಲಿ ಮೊಬೈಲ್ ನೋಡುತ್ತಾರೋ ಅಲ್ಲಿ ಕತ್ತರಿಸಿ. ನಾನು ಆ ಗಡಿ ಕಾವಲಿನ ಬರಹವನ್ನ ಅಕ್ಕನ ಮುಂದೆಯೇ ಓದಿದೆ. ಕೆಂಪು ಸೀಲ್ ಬಂದ ಕೂಡಲೇ ತಡೆದಳು.

"ಆ ಹೆಣ್ಮಗಳನ್ನ ವಾಪಸ್ ಕಳ್ಸಿದ್ಯಾ? ಎಂಥಾ ಮನ್ಷ್ಯಾ ಇದ್ದೀಯೋ ನೀ!"

ಮಿರ್ಚಿ ತಟ್ಟೆಯಲ್ಲೇ ಆರಿತ್ತು.