ಡಿಸ್ಟ್ರಿಕ್ಟ್ 9: ಬಂದೂಕು ಬಿಡಿ, ಪ್ಯಾಡ್ ನೋಡಿ

ಊಟದ ತಟ್ಟೆ ಹಿಡಿದುಕೊಂಡು ಈ ಸಿನಿಮಾ ನೋಡಬೇಡಿ. ಮೊದಲ ಸಲ ನಾನು ಆ ತಪ್ಪು ಮಾಡಿದೆ. ಹೀರೋನ ಉಗುರು ಕಿತ್ತು ಬರುವ ಹೊತ್ತಿಗೆ ತಟ್ಟೆ ಪಕ್ಕಕ್ಕೆ ಹೋಯ್ತು, ಸಿನಿಮಾನೂ ಅಲ್ಲಿಗೇ ನಿಂತಿತು. ಪೂರ್ತಿ ನೋಡಿದ್ದು ಎರಡು ವರ್ಷ ಬಿಟ್ಟು.

ಕೂರುವ ಮುಂಚೆ ಒಂದು ವಿಷಯ ಮಾತ್ರ ತಿಳಿದಿರಲಿ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಒಂದು ಬಡಾವಣೆ ಇತ್ತು. ಎಲ್ಲ ಥರದ ಜನ ಕೂಡಿ ಬಾಳುತ್ತಿದ್ದ ಜಾಗ. 1966ರಲ್ಲಿ ಅಲ್ಲಿನ ವರ್ಣಭೇದದ ಸರ್ಕಾರ ಅದನ್ನು ಬಿಳಿಯರಿಗೆ ಮಾತ್ರ ಎಂದು ಘೋಷಿಸಿತು. 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಊರಾಚೆಯ ಕೇಪ್ ಫ್ಲಾಟ್ಸ್ ಎಂಬ ಬಯಲಿನ ಕಡೆಗೆ ಸಾಗಿಸಿ, ಮನೆಗಳನ್ನು ಬುಲ್ಡೋಜರ್‌ನಿಂದ ಕೆಡವಿದರು. ಸಿನಿಮಾದ ಹೆಸರು ಎಲ್ಲಿಂದ ಬಂತು ಎಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಕಥೆ ಶುರುವಾಗುವುದು 1982ರಲ್ಲಿ. ಜೋಹಾನ್ಸ್‌ಬರ್ಗ್ ಮೇಲೆ ಅನ್ಯಗ್ರಹದ ದೊಡ್ಡದೊಂದು ನೌಕೆ ಬಂದು ಸುಮ್ನೆ ನಿಂತುಬಿಡುತ್ತದೆ. ಒಳಗೆ ಹಸಿದು ಸೊರಗಿದ ಜೀವಿಗಳು. ಕೆಳಗಿಳಿಸಿ ಶಿಬಿರ ಹಾಕುತ್ತಾರೆ, ಶಿಬಿರ ಕೊಳೆಗೇರಿಯಾಗುತ್ತದೆ. ಇಪ್ಪತ್ತೆಂಟು ವರ್ಷದ ಮೇಲೆ ಅವರನ್ನು ಅಲ್ಲಿಂದಲೂ ಎಬ್ಬಿಸಲು ಒಂದು ಕಂಪನಿಯ ಆಫೀಸರ್ ವಿಕಸ್ ಹೊರಡುತ್ತಾನೆ. ಅವನ ಮನೆತನದ ಹೆಸರು ವಾನ್ ಡಿ ಮರ್ವಾ. ದಕ್ಷಿಣ ಆಫ್ರಿಕಾದ ಜೋಕುಗಳಲ್ಲಿ ಪೆದ್ದನ ಹೆಸರು ಹೆಚ್ಚುಕಡಿಮೆ ಇದೇ.

ಇಲ್ಲಿಂದ ಮುಂದೆ ಬಂದೂಕು ಹಿಡಿದವರನ್ನು ಬಿಡಿ. ವಿಕಸ್ ಕೈಯಲ್ಲಿರುವ, ಕಾಗದ ಸಿಕ್ಕಿಸಿದ ಪ್ಯಾಡ್ ನೋಡಿ. ಗುಡಿಸಲಿನಿಂದ ಗುಡಿಸಲಿಗೆ ಹೋಗಿ, ಖಾಲಿ ಮಾಡಲು ಒಪ್ಪಿಗೆ ಎಂದು ಸಹಿ ಕೇಳುತ್ತಾನೆ. ಒಂದು ಜೀವಿ ಸಿಟ್ಟಿನಿಂದ ಪ್ಯಾಡಿಗೆ ಏಟು ಹಾಕುತ್ತದೆ. ಕಾಗದದ ಮೇಲೆ ಗೀಚು ಬೀಳುತ್ತದೆ. ಸಾಕು, ಅದೇ ಸಹಿ! ನಾನು ಇಲ್ಲಿ ನಕ್ಕೆ. ಆಮೇಲೆ ನಗು ನಿಂತಿತು. ಜನರ ಹತ್ತಿರ ಫಾರಂಗೆ ಸಹಿ ಹಾಕಿಸುವುದೇ ಹನ್ನೆರಡು ವರ್ಷ ನನ್ನ ಕೆಲಸ. "ಓದೋದೇನೂ ಬೇಡ, ಇಲ್ಲೊಂದು ಗೀಟು ಎಳೀರಿ" ಎಂದು ಎಷ್ಟು ಜನರಿಗೆ ಹೇಳಿದ್ದೇನೋ.

ಕ್ರಿಸ್ಟೋಫರ್ ಜಾನ್ಸನ್ ಬಾಗಿಲಲ್ಲಿ ನಡೆಯುವ ದೃಶ್ಯವನ್ನು ಎರಡು ಸಲ ನೋಡಿ. ಹೌದು, ಅನ್ಯಗ್ರಹದವನಿಗೆ ಇಂಗ್ಲಿಷ್ ಹೆಸರು. ಅವನು ಕಾಗದವನ್ನು ನಿಜಕ್ಕೂ ಓದುತ್ತಾನೆ, ಕಾನೂನು ಎತ್ತುತ್ತಾನೆ. ವಿಕಸ್ ದನಿ ಏರಿಸುವುದಿಲ್ಲ. ನಿನ್ನ ಮಗುವನ್ನು ತೆಗೆದುಕೊಂಡು ಹೋಗಬೇಕಾಗುತ್ತದೆ ಎನ್ನುತ್ತಾನೆ, ಅಷ್ಟೇ. ಇಡೀ ಸಿನಿಮಾದಲ್ಲಿ ನನಗೆ ಜಾಸ್ತಿ ಭಯವಾದದ್ದು ಈ ಮೆತ್ತನೆಯ ಮಾತಿಗೆ.

ಇನ್ನೊಂದು ಕಡೆ ಗಮನವಿರಲಿ: ಕ್ಯಾಮೆರಾ ಯಾರದ್ದು? ಮೊದಮೊದಲು ಎಲ್ಲವೂ ಸುದ್ದಿ, ಸಂದರ್ಶನ, ಕಂಪನಿಯ ವೀಡಿಯೊ. ಮನುಷ್ಯರು ಹೇಳಿದ್ದೇ ನಮಗೆ ಗೊತ್ತು. ಆಮೇಲೆ ಯಾವ ವರದಿಗಾರನೂ ಇಲ್ಲದ ಜಾಗದಲ್ಲಿ ಆ ಜೀವಿಗಳು ತಮ್ಮತಮ್ಮಲ್ಲೇ ಮಾತಾಡುತ್ತವೆ. ಆ ಕ್ಷಣ ಹಿಡಿಯಿರಿ. ಎಲ್ಲರೂ 'ಪ್ರಾನ್', ಅಂದರೆ ಸಿಗಡಿ, ಎಂದು ಬಯ್ಯುವ ಜೀವಿ ಅಲ್ಲಿಂದ ಒಬ್ಬ ಅಪ್ಪನಾಗಿಬಿಡುತ್ತದೆ.

ಕೊನೆಯ ಗುಂಡಿನ ಕಾಳಗ ನನಗೆ ಉದ್ದವಾಯಿತು. ಬೇಕಾದರೆ ಆಗ ಟೀ ಮಾಡಿಕೊಳ್ಳಿ.

ಸಿನಿಮಾವನ್ನು ಸುಮ್ನೆ ಹೊಗಳಲೂ ಹೋಗಬೇಡಿ. ನೈಜೀರಿಯಾದವರನ್ನು ತೋರಿಸಿರುವ ರೀತಿ ನೋಡಿ: ಗೂಂಡಾಗಳು, ಮಾಟಮಂತ್ರದವರು, ಅಷ್ಟೇ. 2009ರಲ್ಲಿ ನೈಜೀರಿಯಾ ಸರ್ಕಾರವೇ ಇದನ್ನು ವಿರೋಧಿಸಿತು. ಬೇರ್ಪಡಿಸುವುದು ತಪ್ಪು ಎನ್ನುವ ಸಿನಿಮಾ ಒಂದು ದೇಶದ ಜನರನ್ನು ಹೀಗೆ ಒಂದೇ ಮೂಟೆಗೆ ಕಟ್ಟಿದ್ದು ನನಗಂತೂ ಸರಿಬರಲಿಲ್ಲ.

ಎಲ್ಲ ಮುಗಿದ ಮೇಲೆ ಅದೇ ನಿರ್ದೇಶಕ ನೀಲ್ ಬ್ಲೋಮ್‌ಕ್ಯಾಂಪ್ ಇದಕ್ಕೂ ಮೊದಲು ಮಾಡಿದ ಕಿರುಚಿತ್ರ ಅಲೈವ್ ಇನ್ ಜೋಬರ್ಗ್ ನೋಡಿ. ಆರೇ ನಿಮಿಷ. ಅದರಲ್ಲಿ ಬೀದಿಯ ಜನ ಅನ್ಯಗ್ರಹದವರ ಬಗ್ಗೆ ಗೊಣಗುತ್ತಾರೆ. ಅವರು ನಟರಲ್ಲ. ಅವರನ್ನು ಕೇಳಿದ್ದು ಜಿಂಬಾಬ್ವೆಯಿಂದ ವಲಸೆ ಬಂದವರ ಬಗ್ಗೆ. ಅದನ್ನು ಮಾತ್ರ ಮೊದಲು ನೋಡಬೇಡಿ.