ಅಗ್ರಿ ಸೀಟಿಗೆ ನಾನು ಆಪ್ಷನ್ ಜೋಡಿಸಿದ್ದು ಹೀಗೆ

ಪಿಯುಸಿ ಸೈನ್ಸ್ ಮುಗಿದಾಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಎಂಜಿನಿಯರಿಂಗ್. ನಾನು ಬಿಎಸ್ಸಿ ಅಗ್ರಿ ಅಂದೆ. "ಹೊಲದಾಗ ದುಡಿಯಾಕ ಡಿಗ್ರಿ ಯಾಕ ಬೇಕೋ?" ಎಂದು ಕಾಕಾ ನಕ್ಕರು. ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೂ ಇದೇ ಡಿಗ್ರಿ ಕೇಳ್ತಾರೆ ಅಂದ ಮೇಲೆ ಸ್ವಲ್ಪ ತಣ್ಣಗಾದರು.

ನಾನು ಮೊದಲು ನೋಡಿದ್ದು ಸಿಲೆಬಸ್. ಮಣ್ಣು, ಕೀಟ, ಬೆಳೆ ರೋಗ, ತಳಿ, ಮಾರುಕಟ್ಟೆ ಎಲ್ಲ ಇತ್ತು. ಕೊನೆಯ ವರ್ಷ ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಅದು ಓದಿಯೇ ಮನಸ್ಸು ಗಟ್ಟಿಯಾಯಿತು.

ರೈತರ ಮಕ್ಕಳಿಗೆ ಕೃಷಿ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಬರೆಯಬೇಕು. ಬೀಜ, ಗೊಬ್ಬರ, ಕಳೆ, ಸಲಕರಣೆ ಗುರುತಿಸುವುದು. ಹೊಲದಲ್ಲಿ ಬೆಳೆದವರಿಗೆ ಸುಲಭ ಅಂತಾರೆ, ಅಷ್ಟು ಸುಲಭ ಅಲ್ಲ. ಮೆಣಸಿನಕಾಯಿ, ಟೊಮೆಟೊ, ಬದನೆ ಬೀಜ ಪಕ್ಕಪಕ್ಕ ಇಟ್ಟರೆ ಕಣ್ಣು ಮೋಸ ಹೋಗುತ್ತದೆ. ಟೊಮೆಟೊ ಬೀಜದ ಮೇಲೆ ಸಣ್ಣ ನವಿರು ಇರುತ್ತದೆ. ಮೆಣಸಿನಕಾಯಿಯದು ಚಪ್ಪಟೆ, ತಿಳಿ ಹಳದಿ. ಬದನೆಯದು ನುಣುಪು, ಬಣ್ಣ ತುಸು ಕಂದು. ಅವ್ವ ಬೀಜದ ಗಂಟು ಬಿಚ್ಚಿ, ತಟ್ಟೆಯಲ್ಲಿ ಹಾಕಿ ಕೇಳುತ್ತಿದ್ದಳು.

ಸೀಟು ಹಂಚಲು ನಡೆಯುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಎಂಜಿನಿಯರಿಂಗ್ ರ್ಯಾಂಕ್ ಬೇರೆ, ಅಗ್ರಿ ರ್ಯಾಂಕ್ ಬೇರೆ. ಹಿಂದಿನ ವರ್ಷದ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ್ಯಾಂಕ್, ನೋಡುವಾಗ ನಮ್ಮ ಕೆಟಗರಿಯ ಕಾಲಂ ಮಾತ್ರ ನೋಡಬೇಕು. 2ಎ ಒಂದು ಹಿಂದುಳಿದ ವರ್ಗದ ಕೆಟಗರಿ; 2ಎಆರ್ ಅಂದರೆ 2ಎ ಗ್ರಾಮೀಣ, 2ಎಕೆ ಅಂದರೆ 2ಎ ಕನ್ನಡ ಮಾಧ್ಯಮ. ಸುಮ್ನೆ ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ಹೆದರುವವರೇ ಜಾಸ್ತಿ.

ನಿಜವಾದ ತಲೆನೋವು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕೋರ್ಸು-ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವುದು. ಕೋರ್ಸ್ ಮುಖ್ಯವೋ ಕಾಲೇಜೋ? ನನಗೆ ಕೋರ್ಸ್. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಗ್ರಿ ಕಾಲೇಜುಗಳು ಧಾರವಾಡ, ಹನುಮನಮಟ್ಟಿ, ವಿಜಯಪುರದಲ್ಲಿವೆ. ಎಲ್ಲಿ ಓದಿದರೂ ಡಿಗ್ರಿ ಕೊಡುವುದು ಅದೇ ವಿಶ್ವವಿದ್ಯಾಲಯ. ಹಾಗಾಗಿ ಈ ಮೂರನ್ನೂ ಮೇಲಿಟ್ಟೆ. ಆಮೇಲೆ ಶಿವಮೊಗ್ಗ, ಕೊನೆಗೆ ಶಿರಸಿಯ ಫಾರೆಸ್ಟ್ರಿ (ಅರಣ್ಯ ವಿಜ್ಞಾನ). ಸಿಗಲ್ಲ ಎಂದು ಬೇಕಾದ ಕಾಲೇಜನ್ನು ಕೆಳಗೆ ಹಾಕಲಿಲ್ಲ. ಮೇಲಿನ ಆಪ್ಷನ್ ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟವಿಲ್ಲ. ಆದರೆ ಒಂದು ಸೀಟು ಸಿಕ್ಕಿತೆಂದರೆ ಅದರ ಕೆಳಗಿನವೆಲ್ಲ ಹೋದಂತೆ. ಓದಲು ಮನಸ್ಸೇ ಇಲ್ಲದ ಕೋರ್ಸನ್ನು ಪಟ್ಟಿಯಲ್ಲೇ ಹಾಕಲಿಲ್ಲ.

ಮಾಕ್ ಅಲಾಟ್‌ಮೆಂಟ್‌ನಲ್ಲಿ, ಅಂದರೆ ಪ್ರಾಯೋಗಿಕ ಸೀಟು ಹಂಚಿಕೆಯಲ್ಲಿ, ನನಗೆ ಫಾರೆಸ್ಟ್ರಿ ಬಂತು. ಗೆಳೆಯರು ಆಪ್ಷನ್ ಬದಲಿಸು ಅಂದರು. ಮಾಕ್ ಬರೀ ಅಂದಾಜು ಅಲ್ವಾ? ನಾನು ಮುಟ್ಟಲಿಲ್ಲ. ಮೊದಲ ಸುತ್ತಿನಲ್ಲಿ ಹನುಮನಮಟ್ಟಿ ಸಿಕ್ಕಿತು. ಚಾಯ್ಸ್ 2 ಒತ್ತಿದೆ: ಸೀಟು ಕೈಯಲ್ಲೇ ಇರುತ್ತದೆ, ಮೇಲಿನದಕ್ಕೂ ಕಾಯಬಹುದು. ಮುಂದಿನ ಸುತ್ತಿನಲ್ಲೂ ಧಾರವಾಡ ಬರಲಿಲ್ಲ. ಹನುಮನಮಟ್ಟಿಗೇ ಸೇರಿದೆ. ನಮ್ಮೂರಿಗೆ ಅದೇ ಹತ್ತಿರ. ಈಗ ಕಾಕಾ ಹತ್ತಿ ಎಲೆ ಕೆಂಪಾದರೆ ಫೋಟೊ ಕಳಿಸುತ್ತಾರೆ.